ಯಾರಿಗೆ ಕಡಿಯಿತು ಎಂದಷ್ಟೇ ಕೇಳಿದರು

ಎಪ್ಪತ್ತರ ದಶಕದ ಕೊನೆಗೆ ನಾನು ಕೊಟ್ಟೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ನನ್ನ ಊರು ಮಾಗಳ, ಇನ್ನೂ ಮದುವೆಯಾಗಿರಲಿಲ್ಲ. ನನ್ನ ಬಾಡಿಗೆ ಕೋಣೆಯ ಎದುರಿಗೇ ಒಂದು ಸೈಕಲ್ ರಿಪೇರಿ ಅಂಗಡಿ. ಅದರ ಯಜಮಾನರನ್ನು ಓಣಿಯವರೆಲ್ಲ ಚಾಚಾ ಅನ್ನುತ್ತಿದ್ದರು, ಅವರ ಹೆಂಡತಿಯನ್ನು ಚಾಚಿ. ಚಾಚಿ ರೊಟ್ಟಿ ಬಡಿದ ದಿನ ನನಗೂ ಎರಡು ಬರುತ್ತಿದ್ದವು.

ಚಾಚಾ ಹಾಕಿದ್ದನ್ನು ತಿಂದುಕೊಂಡು ಅಂಗಡಿ ಮುಂದೆ ಒಂದು ಕೆಂಚು ನಾಯಿ ಮಲಗಿರುತ್ತಿತ್ತು. ನಾಯಿಯೆಂದರೆ ಚಾಚಿಗೆ ಆಗದು, ಅದಕ್ಕೆ ಹೊಸ್ತಿಲ ಆಚೆಗೇ ಜಾಗ. ಒಮ್ಮೆ ಎರಡು ಮೂರು ದಿನ ಅದು ಏನೂ ತಿನ್ನಲಿಲ್ಲ. ಗಂಟಲಲ್ಲಿ ಏನೋ ಸಿಕ್ಕಂತೆ ಗೊರಗುಡುತ್ತ ಜೊಲ್ಲು ಸುರಿಸುತ್ತಿತ್ತು. ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ತೂರಾಡುತ್ತ ಎದ್ದು ಬಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತು.

ಚಾಚಾ ಪಂಪು ಬೀಸಿ ಅದನ್ನು ಓಡಿಸಿದರು. ಸೈಕಲ್ಲಿನ ಕ್ಯಾರಿಯರ್ ಮೇಲೆ ನನ್ನನ್ನು ಕೂರಿಸಿಕೊಂಡು ಊರಿನ ಡಾಕ್ಟರ ಹತ್ತಿರ ಕರೆದೊಯ್ದರು. ವಯಸ್ಸಾದ, ಎಲ್ಲರೂ ನಂಬಿದ್ದ ಡಾಕ್ಟರು. ಅನ್ನ ಹಾಕಿದ ನಾಯಿ, ಏನೂ ಆಗುವುದಿಲ್ಲ ಎಂದು ಧೈರ್ಯ ಹೇಳಿ, ಧನುರ್ವಾತದ ಇಂಜೆಕ್ಷನ್ ಕೊಟ್ಟು, ಮದುವೆಯಾಗುವ ಹುಡುಗಿಯ ಕಾಲಿಗೆ ಕಲೆ ಉಳಿಯಬಾರದೆಂದು ಅಕ್ಕರೆಯಿಂದ ಸಣ್ಣ ಸಣ್ಣ ಹೊಲಿಗೆ ಹಾಕಿದರು.

ಮರುದಿನ ನಾಯಿ ಸತ್ತಿತು. ಅದಕ್ಕೆ ಹುಚ್ಚು ಹಿಡಿದಿತ್ತೇನೋ ಎಂದು ಹೆದರಿ ಚಾಚಾ ಅಂಗಡಿ ಮುಚ್ಚಿ, ನನ್ನನ್ನು ಕರೆದುಕೊಂಡು ಹರಪನಹಳ್ಳಿ ಬಸ್ಸು ಹತ್ತಿದರು. ಅಲ್ಲಿನ ಆಸ್ಪತ್ರೆಯಲ್ಲಿದ್ದವರು ಹೊಸದಾಗಿ ಬಂದ ಡಾಕ್ಟರು. ಹೊಲಿಗೆ ನೋಡಿ ಅವರ ಮುಖ ಸಣ್ಣದಾಯಿತು. ಒಂದೊಂದನ್ನೇ ಬಿಚ್ಚಿ, ಸಾಬೂನು ಹಚ್ಚಿ, ಬಹಳ ಹೊತ್ತು ನೀರು ಬಿಟ್ಟು ತೊಳೆದರು. ನಾಯಿ ಕಡಿದ ಗಾಯ ಹೊಲಿದರೆ ವಿಷ ಒಳಕ್ಕಿಳಿಯುತ್ತದೆ, ಹೊಲಿಯಬಾರದೆಂದು ತಮಗೂ ಓದುವಾಗ ಒಂದೇ ಮಾತಲ್ಲಿ ಹೇಳಿ ಮುಗಿಸಿದ್ದರು ಎಂದರು. ಮತ್ತೆ ಯಾರಿಗಾದರೂ ಕಡಿದಿದೆಯೇ ಎಂದು ಕೇಳಿದರು. ನನ್ನ ಹಿಂದೆ ನಿಂತಿದ್ದ ಚಾಚಾ, “ಇಲ್ರಿ ಸಾಹೇಬ್ರ, ಇವರಿಗೆ ಒಬ್ಬರಿಗೇ,” ಅಂದರು. ಅದು ನಿಜವೇ ಆಗಿತ್ತು.

ಹುಚ್ಚುನಾಯಿಯ ವಿಷ ಏರದಂತೆ ದಿನಾ ಹೊಟ್ಟೆಗೆ ಒಂದು ಸೂಜಿ. ಹೊಕ್ಕಳ ಸುತ್ತ ಬಾವು ಬಂದು ಸೀರೆ ಕಟ್ಟುವುದೇ ಕಷ್ಟವಾಯಿತು. ತಮ್ಮ ನಾಯಿ ಮಾಡಿದ್ದೆಂಬ ಸಂಕಟಕ್ಕೆ ಚಾಚಾ ದಿನವೂ ಜೊತೆಗೆ ಬಂದು ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದರು.

ಸೂಜಿಗಳೆಲ್ಲ ಮುಗಿದು ಕೆಲವು ವಾರಗಳಾಗಿದ್ದವು. ಚಾಚಾ ಬಲಗೈ ಜುಮುಗುಡುತ್ತದೆ ಅನ್ನತೊಡಗಿದರು. ನಟ್ಟು ಬಿಗಿಯುವ ಪಾನಾ ತಿರುಗಿಸಿ ತಿರುಗಿಸಿ ಹಾಗಾಗಿದೆ ಅಂದುಕೊಂಡೆವು. ಆಮೇಲೆ ಜ್ವರ ಬಂತು. ಒಂದು ಮಧ್ಯಾಹ್ನ ಚಾಚಿ ನೀರಿನ ಲೋಟ ಮುಂದೆ ಹಿಡಿದರೆ ಅವರ ಗಂಟಲು ಬಿಗಿದು ಲೋಟ ಹಾರಿಹೋಯಿತು. ಊರಿನ ಡಾಕ್ಟರು ಗಂಟಲು ಬಾವು ಎಂದು ಔಷಧಿ ಬರೆದರು. ನೀರಿಗೆ ಬೆದರುವುದು ಹುಚ್ಚುನಾಯಿ ವಿಷದ ಗುರುತೆಂದು ನಾನು ಕೇಳಿದ್ದೆ. ಬಾಡಿಗೆ ಕಾರು ಮಾಡಿಕೊಂಡು ಹರಪನಹಳ್ಳಿಗೆ ಹೋದೆವು.

ಡಾಕ್ಟರು ನೋಡಿದ ಕೂಡಲೇ ಚಾಚಿಯನ್ನು ಹೊರಗೆ ಕರೆದು, ನಾಯಿ ಇವರಿಗೂ ಕಡಿದಿತ್ತೇ ಎಂದು ಕೇಳಿದರು.

“ಕಡಿಲಿಲ್ರಿ,” ಅಂದರು ಚಾಚಿ. “ಉಣ್ಣವಲ್ದು, ಗಂಟಲಾಗ ಎಲುಬು ಸಿಕ್ಕೈತಿ ಅಂತ ಬಾಯಾಗ ಕೈ ಹಾಕಿ ತಡಕಿದ್ರು. ಎಲುಬು ಇರಲಿಲ್ಲ. ಮುಟ್ಟಿದ್ದಕ್ಕ ನಾನ ಬೈದು ಕೈ ತೊಳಸಿದೆ.”

ಸೈಕಲ್ ಕಡ್ಡಿಗಳು ಗೀರಿ ಆ ಬೆರಳುಗಳಲ್ಲಿ ಯಾವಾಗಲೂ ಗಾಯಗಳಿರುತ್ತಿದ್ದವು. ಡಾಕ್ಟರು ಬೆಂಚಿನ ಮೇಲೆ ಕೂತರು. ನನ್ನ ಕಡೆ ನೋಡಿ ಹೇಳಿದರು: “ಜೊಲ್ಲು ಗಾಯಕ್ಕೆ ತಾಗಿದರೂ ಸಾಕು ಅನ್ನೋದು ನನಗೆ ಗೊತ್ತಿತ್ತು, ಟೀಚರ್. ಕಡಿದದ್ದು ಯಾರಿಗೆ ಅಂತ ಕೇಳಿದೆ. ಮುಟ್ಟಿದವರು ಯಾರು ಅಂತ ಕೇಳಲಿಲ್ಲ.”

ಚಾಚಾ ಮರುದಿನ ತೀರಿಕೊಂಡರು. ಕೊನೆಗೆ ಗಾಳಿ ಬೀಸಿದರೂ ಬೆಚ್ಚುತ್ತಿದ್ದರು. ನಡುನಡುವೆ ತಿಳಿವು ಬಂದಾಗ ಯಾರೂ ಹತ್ತಿರ ಬರಬೇಡಿರೆಂದು ಕೈಮಾಡುತ್ತಿದ್ದರು.

ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಚಾಚಿ ನನ್ನ ಕೋಣೆಗೆ ಬಂದು ನೆಲದ ಮೇಲೆ ಕೂತರು. “ದಿನಾ ನಿನ್ನ ಸಂಗಾಟನ ಬರ್ತಿದ್ರಲ್ಲ. ಅವರಿಗೂ ಆ ಸೂಜಿ ಹಾಕಿದ್ರ ಉಳೀತಿದ್ರೇನವಾ?”

“ಉಳೀತಿದ್ರು ಅನ್ನಿಸ್ತೈತಿ, ಚಾಚಿ,” ಅಂದೆ.

ಅವರು ತಲೆಯಾಡಿಸಿ, ಸೆರಗನ್ನು ಮುಖದ ಮೇಲೆಳೆದುಕೊಂಡರು. ಆ ವರ್ಷವೇ ಕೂಡ್ಲಿಗಿಯ ತಮ್ಮನ ಮನೆಗೆ ಹೋದರು. ಅವತ್ತು ಬೇರೆ ಏನಾದರೂ ಹೇಳಬೇಕಿತ್ತೇ ಎಂಬುದು ನನಗೆ ಇಂದಿಗೂ ಬಗೆಹರಿದಿಲ್ಲ.