ನೀರಗಂಟಿ ತಾತನ ಕೂಗು

ಆ ಕಾಲ ಅಂದರೆ ತೀರಾ ದೊಡ್ಡ ಮಾತಾಯಿತು. ನಮ್ಮ ಕೈಗೆಲ್ಲ ಆಗಲೇ ಮೊಬೈಲು ಬಂದಿತ್ತು. ನಾನು ಒಂಬತ್ತನೇ ಕ್ಲಾಸು. ಕೆ.ಆರ್.ಪೇಟೆ ಕಡೆಯ ನಮ್ಮೂರಿನ ತುಂಬ ಆಲೆಮನೆಯ ಬಿಸಿಬೆಲ್ಲದ ವಾಸನೆ ಹರಡುವ ದಿನಗಳು. ಕಂಡವರ ದನಿಯನ್ನು ಅಣಕಿಸುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ನನ್ನ ಸ್ವಂತ ದನಿ ಒಡೆಯುತ್ತಿತ್ತು, ಗಂಟಲಲ್ಲಿ ಕಪ್ಪೆ ಕೂತ ಹಾಗೆ. ಅದಕ್ಕೇ ಊರವರದನ್ನು ಬಳಸುತ್ತಿದ್ದೆ.

ನಮ್ಮೂರ ಕೆರೆ ನೀರಿನ ಹಂಚಿಕೆ, ಇದು ಶಾಲೆಯಲ್ಲಿ ನನಗೆ ಕೊಟ್ಟ ಪ್ರಾಜೆಕ್ಟು. ಪೇಟೆಯ ಲೈಬ್ರರಿಯಲ್ಲಿ ಜಿರಲೆ ವಾಸನೆಯ ಪುಸ್ತಕಗಳನ್ನು ತಿರುವಿದೆ. ನಮ್ಮೂರಿನ ಹೆಸರೇ ಇಲ್ಲ. ಮೊಬೈಲಿನಲ್ಲಿ ಹುಡುಕಿದರೆ ಕನ್ನಂಬಾಡಿ ಕಟ್ಟೆಯ ಫೋಟೋ ಬಂತು. ಮೇಡಂ ಮೂಗಿನಲ್ಲೇ ಅಂದರು: "ನೀರು ಬಿಡ್ತಿದ್ದೋರನ್ನೇ ಕೇಳ್ಕೊಂಡು ಬಾ. ಇಲ್ದಿದ್ರೆ ಮಾರ್ಕ್ಸೂ ಇಲ್ಲ."

ಕೆರೆಯ ತೂಬೆತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದವರು ನೀರಗಂಟಿ ಚಿಕ್ಕಯ್ಯ ತಾತ. ನಾಗಮಂಗಲದ ಮಗಳ ಮನೆಯಲ್ಲಿ ಬಹಳ ದಿನ ಇದ್ದು, ಆ ವಾರವಷ್ಟೇ ಮರಳಿದ್ದರು. ನೀರು ಬಿಡುವಾಗ ಅವರು ಹಾಕುತ್ತಿದ್ದ ಕೂಗನ್ನು ಅವರದೇ ಬೀದಿಯಲ್ಲಿ ದಿನಾ ಸಂಜೆ ಅಣಕಿಸಿ ಹುಡುಗರನ್ನು ನಗಿಸುತ್ತಿದ್ದವನು ನಾನು. ತಾತನ ಬಿದಿರು ದೊಣ್ಣೆ ಊರಿಗೆಲ್ಲ ಗೊತ್ತಿತ್ತು.

ಹೋದೆ. ತಾತ ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ನಡುಮನೆಯಲ್ಲಿ ಕೂತಿದ್ದರು. ದೊಣ್ಣೆ ತೊಡೆಯ ಮೇಲಿತ್ತು.

"ತಾತ, ನೀರು ಬಿಡೋವಾಗ ಏನಂತ ಕೂಗ್ತಿದ್ರಿ?"

ಅವರ ತುಟಿ ಆಡಿತು. ದನಿ ಬರಲಿಲ್ಲ.

"ಗಂಟ್ಲು ಆಪರೇಸನ್ ಆಗಿ ದನಿ ಓಗ್ಬುಡ್ತು ಕಣಪ್ಪ," ಅಂದರು ಬಾಗಿಲಲ್ಲಿ ನಿಂತಿದ್ದ ಅಜ್ಜಿ. "ಆದ್ರೂವೆ ದಿನಾ ಸಂಜೆ ಬೀದೀಲಿ ಇವ್ರ ದನಿ ಕೇಳ್ತದೆ. ಯಾವನ್ಲಾ ಅವ್ನು? ನೀನೇಯಾ?"

ಓಡಲು ದಾರಿಯಿರಲಿಲ್ಲ. ತಾತ ದೊಣ್ಣೆ ಎತ್ತಿದರು. ಕಣ್ಣು ಮುಚ್ಚಿದೆ. ದೊಣ್ಣೆಯ ತುದಿ ನನ್ನ ಎದೆಗೆ ಮೆತ್ತಗೆ ತಾಗಿತು.

"ಕೂಗ್ಬೇಕಂತೆ ನೀನು," ಅಂದರು ಅಜ್ಜಿ.

ಅಳು ಬೆರೆತ ದನಿಯಲ್ಲಿ ಕೂಗಿದೆ: "ತೂಬೆತ್ತಿವ್ನೀ... ಕೆಳಗಣ ಬಯ್ಲೋರು ಬರ್ರಪ್ಪೋ..."

ತಾತ ಅಲ್ಲವೆಂದು ತಲೆಯಾಡಿಸಿದರು. ದೊಣ್ಣೆಯನ್ನು ಗಾಳಿಯಲ್ಲಿ ಉದ್ದಕ್ಕೆ ಎಳೆದು ತೋರಿಸಿದರು.

"ಇನ್ನೂ ಎಳೀಬೇಕಂತೆ ಕಣ್ಲಾ. ಅಂಗೆ ಮೊಟಕು ಮಾಡುದ್ರೆ ಕಡೇ ಗದ್ದೆಯೋನಿಗೆ ಕೇಳಾಕಿಲ್ಲ. ಅವ್ನ ನೀರ ಇನ್ಯಾವನೋ ತಿರುಗಿಸ್ಕತಾನೆ."

ಮತ್ತೆ ಕೂಗಿದೆ, ಮತ್ತೆ ತಿದ್ದಿದರು. ದೊಣ್ಣೆ ಎದ್ದಾಗಲೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಕೊನೆಯ ಕೂಗಿಗೆ ಪಕ್ಕದ ಮನೆಯ ಮುದುಕರು ಎದ್ದು ಬಿದ್ದು ಬಂದರು: "ಚಿಕ್ಕಯ್ಯನ್ಗೆ ದನಿ ಬಂದ್ಬುಡ್ತಾ?"

ತಾತ ಬಾಯ್ತುಂಬ ನಕ್ಕರು. ಆ ನಗುವಿಗೂ ಸದ್ದಿರಲಿಲ್ಲ. ದೊಣ್ಣೆಗಿಂತ ನಾನು ಹೆಚ್ಚು ಹೆದರಿದ್ದು ಅದಕ್ಕೆ.

ಮಾರ್ಕ್ಸು ಬಂತು. ಈಗ ತಾತ ಇಲ್ಲ. ಗದ್ದೆಗದ್ದೆಗೂ ಬೋರ್‌ವೆಲ್ಲು, ಕೆರೆ ನೀರಿಗೆ ಯಾರೂ ಸರದಿ ಕಾಯುವುದಿಲ್ಲ. ಮದುವೆ ಮನೆಗಳಲ್ಲಿ ಮಾತ್ರ ಆ ಕೂಗು ಹಾಕು ಅನ್ನುತ್ತಾರೆ. ಹಾಕುತ್ತೇನೆ, ಚಪ್ಪಾಳೆ ಬೀಳುತ್ತದೆ. ಈಚೀಚೆಗೆ ಎಳೆತ ಮೊಟಕಾಗುತ್ತಿದೆಯೇನೋ ಎಂದು ನನಗೇ ಭಯ. ಅಲ್ಲ ಎಂದು ತಲೆಯಾಡಿಸಲು ಅಲ್ಲಿ ಯಾರೂ ಇರುವುದಿಲ್ಲ.