ಒಂದು ಬೆರಳಿನಷ್ಟು ಕಾಗದ

ಕಳೆದ ವಾರ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಮನೆಗೆ ಬಂದು, ಗ್ರಂಥಾಲಯದಿಂದ ತಂದ ಪುಸ್ತಕವೊಂದನ್ನು ನನ್ನ ಮುಂದೆ ತೆರೆದಳು. ಮೈಲುತುತ್ತ ಬೆರೆಸಿದ ಮೈದಾ ಅಂಟಿನ ಹುಳಿ ವಾಸನೆ... ಯಾವ ಪುಸ್ತಕವೆಂದು ನೋಡುವ ಮೊದಲೇ ಗೊತ್ತಾಯಿತು. ಪಾರಸಿ ಮೇಷ್ಟ್ರ ಪುಸ್ತಕ. ಅದನ್ನು ಅಚ್ಚು ಹಾಕಿಸಿದವನು ನಾನು, ಹಾಳು ಮಾಡಿದವನೂ ನಾನೇ.

ಮೇಷ್ಟ್ರು ನಜರ್‌ಬಾದಿನವರು. ಹಣೆಯಲ್ಲಿ ವಿಭೂತಿ, ಬಾಯಲ್ಲಿ ಪಾರಸಿ. ಮಠದ ಹಾಸ್ಟೆಲಿನಲ್ಲಿ ಓದಿ ಬೆಳೆದವರಿಗೆ ಆ ಹುಚ್ಚು ಎಲ್ಲಿಂದ ಹಿಡಿಯಿತೋ ನಾನು ಕೇಳಲಿಲ್ಲ. ಒಂದೇ ಗ್ರಂಥದ ಐದು ಕೈಬರಹದ ಪ್ರತಿಗಳನ್ನು ಮುಂದಿಟ್ಟುಕೊಂಡು, ಎಲ್ಲಿ ಯಾವ ಮಾತು ಬದಲಾಗಿದೆ ಎಂದು ಜೀವಮಾನವಿಡೀ ಗುರುತು ಹಾಕಿದ್ದರು. ಆ ಟಿಪ್ಪಣಿ ಹಳೆಯ ಪದ್ಧತಿಯಂತೆ ಪುಟದ ನೆತ್ತಿಯಲ್ಲೇ ಬರಬೇಕೆಂದು ಹಟ. ನಾನಾಗ ಪ್ರಕಟಣೆ ವಿಭಾಗವೊಂದರ ಮೇಲ್ವಿಚಾರಕ.

ಅವರ ಭಯವೆಲ್ಲ ಬೇರೆಯದೇ. ಬಲದಿಂದ ಎಡಕ್ಕೆ ಓದುವ ಪಾರಸಿ ಪುಸ್ತಕಕ್ಕೆ ಬೆನ್ನು ಬಲಕ್ಕಿರಬೇಕು, ಕನ್ನಡ ಪುಸ್ತಕ ಕಟ್ಟಿ ರೂಢಿಯಾದ ಬೈಂಡರು ಎಡಕ್ಕೆ ಹೊಲಿದುಬಿಟ್ಟರೆ? ದಿನಾ ಬಸ್ಸು ಹಿಡಿದು ಕಡಕೊಳದ ಪ್ರೆಸ್ಸಿಗೆ ಹೋಗಿ ಹೊಲಿಯುವವರ ಪಕ್ಕ ಕೂತರು. ಬೆನ್ನು ಬಲಕ್ಕೇ ಬಂತು. ನೆಮ್ಮದಿಯಿಂದ ಮನೆಗೆ ಹೋದರು.

ರಟ್ಟು ಹಾಕುವ ಹಿಂದಿನ ದಿನ ಗೋದಾಮಿನವನು ಬಂದು, ಪುಸ್ತಕ ನಮ್ಮ ಕಬ್ಬಿಣದ ರ‍್ಯಾಕಿಗಿಂತ ಒಂದು ಬೆರಳು ಎತ್ತರ, ನಿಲ್ಲಿಸಲಾಗದು ಅಂದ. ಅಡ್ಡ ಮಲಗಿಸಬಹುದಿತ್ತು. ಆದರೆ ಮೂಗಿಗಿಂತ ಮೂಗುತಿ ಭಾರ ಅನ್ನುವ ಜಾಗ ಅದು. ಪ್ರೆಸ್ಸಿಗೆ ಫೋನು ಮಾಡಿ, ಮೇಲಿನಿಂದ ಒಂದು ಬೆರಳು ಕತ್ತರಿಸಿ ಅಂದೆ. ಅಲ್ಲಿ ಟಿಪ್ಪಣಿಯಿದೆ ಎಂದು ಗೊತ್ತಿರಲಿಲ್ಲ ಅಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಯಾರು ಓದುತ್ತಾರೆ ಅಂದುಕೊಂಡೆ.

ಮೊದಲ ಪ್ರತಿ ಕೈಗೆ ಕೊಟ್ಟಾಗ ಮೇಷ್ಟ್ರು ಹತ್ತು ಪುಟ ತಿರುವಿದರು.

"ಎಲ್ಲಾ ಕಾಪೀನೂ ಹಿಂಗೇ ಕತ್ತರಿಸ್ಬುಟ್ರಾ?"

"ಹೂಂ ಮೇಷ್ಟ್ರೇ."

"ಒಂದ್ ಮಾತು ಕೇಳ್ಬೋದಿತ್ತು ಕಣ್ರೀ. ನಾನಿನ್ನೂ ಬದುಕಿದ್ನಲ್ಲ."

ಮರುದಿನದಿಂದ ಗೋದಾಮಿಗೇ ಬಂದು ಕೂತರು. ಹೋದ ಸಾಲುಗಳನ್ನು ಸಣ್ಣ ಚೀಟಿಗಳಲ್ಲಿ ಬರೆದು, ಮನೆಯಿಂದ ಡಬ್ಬಿಯಲ್ಲಿ ತಂದ ಅಂಟು ಹಚ್ಚಿ, ಪುಟಪುಟಕ್ಕೂ ಅಂಟಿಸತೊಡಗಿದರು. ಹುಳ ಬೀಳದಿರಲೆಂದು ಅಂಟಿಗೆ ಮೈಲುತುತ್ತ. ಆದರೂ ಜಿರಳೆ ಬರುತ್ತದೆ ಎಂದು ಮೇಲಧಿಕಾರಿಗಳು ಗೊಣಗಿದರು. ಮೊದಲ ಪ್ರತಿಯೇ ಇನ್ನೂ ಅರ್ಧವಾಗಿತ್ತು. ನಾನೇ ಹೋಗಿ ಹೇಳಿದೆ, "ಸಾಕು ಬುಡಿ ಮೇಷ್ಟ್ರೇ, ಸ್ಟಾಕು ಹಾಳಾಗ್ತದೆ." ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದರು. ಮತ್ತೆ ಬರಲಿಲ್ಲ. ಆಮೇಲೆ ಒಂದು ವರ್ಷವೂ ಬದುಕಿರಲಿಲ್ಲವೇನೋ... ಮಣ್ಣಿಗೂ ನಾನು ಹೋಗಲಿಲ್ಲ. ಆ ಸಾಲುಗಳಿದ್ದ ಪ್ರೂಫು ಹಾಳೆಗಳನ್ನು ಆಗಲೇ ರದ್ದಿಗೆ ಹಾಕಿಸಿದ್ದೆ. ಅವರ ಟಿಪ್ಪಣಿ ಪುಸ್ತಕಗಳು ಏನಾದವೆಂದು ವಿಚಾರಿಸುವ ಮುಖ ನನಗಿರಲಿಲ್ಲ.

ಹುಡುಗಿ ತಂದಿದ್ದು ಅವರು ಬಿಟ್ಟೆದ್ದ ಆ ಪ್ರತಿಯನ್ನೇ.

"ಚೀಟಿ ಅಂಟಿಸೋದು ಅರ್ಧಕ್ಕೇ ನಿಂತಿದೆಯಲ್ಲ ಸಾರ್, ಅವರು ಯಾಕೆ ಮುಗಿಸ್ಲಿಲ್ಲ?"

ನಿಜ ಹೇಳಬಹುದಿತ್ತು. ಈ ವಯಸ್ಸಿನಲ್ಲಿ ಹೇಳಿಬಿಟ್ಟರೆ ಯಾರೂ ನನ್ನ ಕೆಲಸ ಕಿತ್ತುಕೊಳ್ಳುವುದಿಲ್ಲ, ಪಿಂಚಣಿಯೂ ನಿಲ್ಲುವುದಿಲ್ಲ.

"ವಯಸ್ಸಾಗಿತ್ತು ಕಣಮ್ಮ, ಕೈಲಾಗ್ಲಿಲ್ಲ," ಅಂದೆ.

ಅವಳು ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.