ಕೌದಿಯ ಬುತ್ತಿ

ನಮ್ಮ ಬಸವನ ಬಾಗೇವಾಡಿಯ ಮನೆಯಲ್ಲಿ ಕೌದಿ ಎಂದರೆ ಹಾಸಲಿಕ್ಕೆ, ಇಲ್ಲವೇ ಹೊದೆಯಲಿಕ್ಕೆ. ಮೂರನೆಯ ಉಪಯೋಗ ಅವ್ವನಿಗೆ ಗೊತ್ತಿಲ್ಲ. ಹಾಗಾಗಿ ಪ್ರದರ್ಶನಕ್ಕೆಂದು ನಾನು ತೂಗುಹಾಕುವ ಕೌದಿ ಹೊಲಿಯಲು ಕೂತಾಗ, ಅವಳು ಬಾಗಿಲಲ್ಲೇ ನಿಂತು ನೋಡಿದಳು.

ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿರುವ ಚಿಗವ್ವಂದಿರನ್ನು ಕಾಡಿ ಬೇಡಿ ಹಳೆಯ ಸೀರೆ ತಂದಿದ್ದೆ. ಅವನ್ನು ಪಟ್ಟಿ ಪಟ್ಟಿಯಾಗಿ ಹರಿದು, ಗೊಬ್ಬರದ ಚೀಲದ ಎಳೆ, ಆಲಮಟ್ಟಿಯಲ್ಲಿ ಸಿಕ್ಕ ಹರಕು ಮೀನಿನ ಬಲೆ ಸೇರಿಸಿ ಹೊಸೆದೆ. ನಡುವೆ ತಲೆ ತೂರುವಷ್ಟು ದೊಡ್ಡ ತೂತು ಬಿಟ್ಟೆ. ಒಂದು ಮೂಲೆಯಲ್ಲಿ ಮಾತ್ರ ಅವ್ವನ ಹಾಗೆ ತುಂಡಿನ ಮೇಲೆ ತುಂಡಿಟ್ಟು ಹೊಲಿದೆ.

"ಹಾಸಾಕ ಬರಂಗಿಲ್ಲ, ಹೊದಿಯಾಕ ಬರಂಗಿಲ್ಲ. ಇದೆಂಥಾದ್ದು?" ಎಂದಳು ಅವ್ವ.

"ಇದು ನೋಡಾಕ, ಯವ್ವಾ."

"ನೋಡಿದ್ರ ಥಂಡಿ ಹೋಗ್ತೈತೇನು?"

ನಕ್ಕೆ. ಆದರೆ ಮನಸ್ಸಿಗೆ ನಾಟಿತು. ನನಗೆ ಸೂಜಿ ಹಿಡಿಯಲು ಕಲಿಸಿದವಳೇ ಅವಳು. ಊರೆಲ್ಲ ಏನಾದರೂ ಅನ್ನಲಿ, ಅವಳೊಬ್ಬಳು ಇದನ್ನು ಕೌದಿ ಅಂದರೆ ಸಾಕಿತ್ತು.

ನಮ್ಮಲ್ಲಿ ಕೌದಿಯ ಕೊನೆಯ ತುಂಡು ಮುಚ್ಚುವ ಮೊದಲು ಒಳಗೆ ನಾಲ್ಕು ಕಾಳು ಜೋಳ ಇಡುತ್ತೇವೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಕಾಳು ಇಡುವುದು ಹಿರಿಯರು. ಅವ್ವನನ್ನು ಕರೆದೆ.

"ಇದಕ್ಯಾತರ ಹೊಟ್ಟಿ?" ಎಂದು ಅಡುಗೆಮನೆಗೆ ನಡೆದಳು. ನಾನೂ ಅವಳ ಮಗಳೇ ತಾನೆ, ಸಿಟ್ಟಿನಲ್ಲಿ ಕಾಳಿಲ್ಲದೆಯೇ ಮೂಲೆ ಹೊಲಿದು ಮುಚ್ಚಿದೆ.

ವಿಜಯಪುರದ ಪ್ರದರ್ಶನದಲ್ಲಿ ಜನ ನಿಂತು ನೋಡಿದರು, ತೂತಿನೊಳಗೆ ಮುಖವಿಟ್ಟು ಫೋಟೊ ತೆಗೆಸಿಕೊಂಡರು. ಮರುದಿನ ಬಂದು ನೋಡಿದರೆ ಕೆಂಪಿರುವೆಗಳ ಸಾಲು! ನೆಲಕ್ಕೆ ಜೋತುಬಿದ್ದ ದಾರ ಹಿಡಿದು ಆ ಮೂಲೆಗೇ ಹತ್ತುತ್ತಿದ್ದವು. ಪ್ರದರ್ಶನ ನೋಡಿಕೊಳ್ಳುವವರು ಔಷಧಿ ಹೊಡೆಯಲು ಬಂದರು. ತಡೆದು, ಮೂಲೆ ಬಿಚ್ಚಲು ಕೂತೆ. ಆ ಹೊಲಿಗೆ ನನ್ನದಾಗಿರಲಿಲ್ಲ. ಅಷ್ಟು ಸಣ್ಣಗೆ, ಒತ್ತೊತ್ತಾಗಿ ಹಾಕುವ ಕೈ ನಮ್ಮ ಮನೆಯಲ್ಲಿ ಒಂದೇ. ಒಳಗೆ ಅರ್ಧ ಹೋಳಿಗೆ ಇತ್ತು.

ಫೋನು ಹಚ್ಚಿದೆ. "ಯವ್ವಾ, ಹೋಳಿಗಿ ಯಾಕ ಇಟ್ಟಿ? ಎಲ್ಲಾ ಇರುವಿ ಆಗ್ಯಾವು."

"ಮನ್ಯಾಗ ಇರೋದಕ್ಕ ನಾಕ ಕಾಳು ಸಾಕು. ಅದು ಪರಊರಿಗೆ ಹೊಂಟಿತ್ತು, ದಿನಾಪೂರ್ತಿ ನಿಂತಿರಬೇಕು. ಬುತ್ತಿ ಕಟ್ಟಬ್ಯಾಡೇನು?"

ಅಷ್ಟು ಜನರ ನಡುವೆ ಕಣ್ಣೊರೆಸಿಕೊಂಡೆ. ಆ ಕಡೆ ಅವಳಿಗೆ ಬೇರೆಯೇ ಚಿಂತೆ: "ತಗದಿ ಅಂದ್ರ ಈಗ ಹೊಟ್ಟಿ ಖಾಲಿ ಐತಿ? ಹಂಗ ಮುಚ್ಚಬ್ಯಾಡ. ನಾ ಬರ್ತೇನಿ."

ಮೊದಲ ಬಸ್ಸಿಗೇ ಬಂದಳು. ಸೆರಗಿನ ಗಂಟು ಬಿಚ್ಚಿ, ಕಾಳು ಇಟ್ಟು, ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಅಲ್ಲೇ ನಿಂತು ಹೊಲಿಯತೊಡಗಿದಳು. ಸುತ್ತ ಜನ ಸೇರಿದರು.

"ಇದು ಏನ್ರಿ ಅಮ್ಮಾ?" ಎಂದರು ಒಬ್ಬರು.

ಅವ್ವ ತಲೆಯೆತ್ತದೆ ದಾರ ಕಡಿದಳು. "ಕೌದಿ ರೀ. ಕಾಣಂಗಿಲ್ಲೇನು?"